“ಸ್ವಲ್ಪ ನಿಲ್ಲೋಣ” ಅನ್ನಲಾಗದ ಅಮ್ಮ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೈಸೂರಿನ 53 ವರ್ಷದ ಗೃಹಿಣಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಬೆಟ್ಟ ಹತ್ತುವ ಮಾತಿರಲಿ, ಬೆಳಗ್ಗೆ ವಾಕಿಂಗ್ ಹೋದವರೂ ಅಲ್ಲ. ಮಗಳು ಗೆಳತಿಯರ ಜೊತೆ ಡಿಸೆಂಬರ್‌ನಲ್ಲಿ ಕುಮಾರಪರ್ವತಕ್ಕೆ ಹೊರಟಿದ್ದಳು. “ಅಮ್ಮ, ನೀನೂ ಬಾ” ಅಂದಳಂತೆ. ಇವರು ಹೂಂ ಅಂದುಬಿಟ್ಟರು. ಅವತ್ತಿನಿಂದ ನಿದ್ದೆ ಇಲ್ಲ. ಗಂಡನದು ಒಂದೇ ಮಾತು: “ಈ ವಯಸ್ಸಲ್ಲಿ ಬೇಕಾ?” ನನ್ನ ಹತ್ತಿರ ಸಲಹೆಗೆ ಬಂದದ್ದು ಅಕ್ಟೋಬರ್ ಮೊದಲ ವಾರ.

“ನನ್ನಿಂದ ಮಕ್ಕಳಿಗೆ ತೊಂದರೆ ಆಗಬಾರದು ಮೇಡಂ.” ಇದನ್ನೇ ನಾಲ್ಕು ಸಲ ಹೇಳಿದರು. ಮಾತಾಡುತ್ತಾ ಗಂಟಲು ಒಣಗಿತ್ತು. ಕಣ್ಣು ಮೇಜಿನ ಮೇಲಿದ್ದ ನೀರಿನ ಬಾಟಲಿಯ ಕಡೆ ಹೋಗಿ ಹೋಗಿ ಬರುತ್ತಿತ್ತು. ಬಾಯಿಬಿಟ್ಟು ಕೇಳಲಿಲ್ಲ. ನಾನೇ ಲೋಟಕ್ಕೆ ಬಗ್ಗಿಸಿ ಕೊಟ್ಟೆ. “ಅಯ್ಯೋ, ಬೇಡ, ಪರವಾಗಿಲ್ಲ” ಅಂದರು. ಆಮೇಲೆ ಎತ್ತಿದ ಲೋಟ ಖಾಲಿ ಮಾಡಿಯೇ ಇಳಿಸಿದರು.

ಪ್ರಯಾಣದ ಬಗ್ಗೆ ಕೇಳಿದೆ. ಬಸ್ಸಿನಲ್ಲಿ ಹೋಗುವ ದಿನ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲವಂತೆ. ನಡುದಾರಿಯಲ್ಲಿ ನಿಲ್ಲಿಸಿ ಎಂದು ಡ್ರೈವರ್‌ಗೆ ಹೇಳಲು ನಾಚಿಕೆ. ನಮ್ಮ ಎಷ್ಟು ಹೆಂಗಸರ ಕತೆ ಇದೇ ಅಲ್ವಾ? ಬೆಟ್ಟಕ್ಕೂ ಅದನ್ನೇ ಯೋಚಿಸಿದ್ದರು: ಕಡಿಮೆ ಕುಡಿದು, ಸುಮ್ನೆ ಹತ್ತಿಬಿಡುವುದು. ನನಗೆ ನಿಜವಾಗಿ ಭಯವಾದದ್ದು ಆಗ.

ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವುದಾದರೆ ಒಂದು ಕಡೆಗೇ ಸುಮಾರು 13 ಕಿ.ಮೀ. ತುದಿ ಇರುವುದು 1,712 ಮೀಟರ್ ಎತ್ತರದಲ್ಲಿ. ದಾರಿ ಮಧ್ಯೆ ಸಿಗುವ ಭಟ್ಟರ ಮನೆಯವರೆಗೆ ಕಾಡಿನ ನೆರಳು, ಬೇರು, ಕಲ್ಲು. ಅಲ್ಲಿಂದ ಮುಂದೆ ಬಯಲು ಹುಲ್ಲುಗಾವಲು, ನೆತ್ತಿ ಸುಡುವ ಬಿಸಿಲು. ಅಲ್ಲಿ ನೀರು ಕುಡಿಯದೆ, ಸುಸ್ತು ಮುಚ್ಚಿಟ್ಟುಕೊಂಡು ನಡೆದರೆ ತೊಂದರೆ ಖಂಡಿತ.

ಹೋಗಬೇಡಿ ಅನ್ನಲಿಲ್ಲ. ಮೊದಲು ಡಾಕ್ಟರ ಹತ್ತಿರ ಬಿಪಿ, ಶುಗರ್, ಮಂಡಿ ತೋರಿಸಿ ಎಂದೆ. ಮಂಡಿಗೆ ಇಳಿಜಾರೇ ಜಾಸ್ತಿ ಕಷ್ಟ. ಡಾಕ್ಟರು ಒಪ್ಪಿದರೆ ವಾರಕ್ಕೆ ಎರಡು ದಿನ ಮಗಳ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಬೇಕು. ಹೊಸ ಶೂ ಅಲ್ಲೇ ಪಳಗಬೇಕು. ಜೊತೆಗೆ ಒಂದು ಕಟ್ಟಳೆ: ಪ್ರತಿ ಸಲ ಕನಿಷ್ಠ ಮೂರು ಬಾರಿ, ಏದುಸಿರು ಬರುವ ಮೊದಲೇ, “ಸ್ವಲ್ಪ ನಿಲ್ಲೋಣ” ಎಂದು ಜೋರಾಗಿ ಹೇಳಬೇಕು. ಕ್ಷಮಿಸಿ ಅನ್ನುವ ಹಾಗಿಲ್ಲ.

ಮೊದಲ ವಾರ ಹೇಳಲೇ ಇಲ್ಲ. ಮೆಟ್ಟಿಲ ದಾರಿಯ ದೊಡ್ಡ ನಂದಿ ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಂತರಂತೆ. ಮಗಳನ್ನೂ ಕರೆಸಿದೆ. “‘ಅಮ್ಮ, ಸುಸ್ತಾಯ್ತಾ’ ಅಂತ ಕೇಳಬೇಡಮ್ಮ. ‘ಇಲ್ಲ’ ಅಂತಲೇ ಅನ್ನುತ್ತಾರೆ. ನೀನೇ ನಿಂತು ಬಾಟಲಿ ಕೈಗೆ ಕೊಡು” ಎಂದೆ. ಹುಡುಗಿ ಅತ್ತಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ಮೂರನೇ ವಾರ ಅಮ್ಮನ ಬಾಯಲ್ಲಿ ಆ ಮಾತು ಬಂತು, ಮೆಲ್ಲಗೆ.

ವಾಪಸಾಗುವ ಸಮಯವನ್ನೂ ಮನೆಯಲ್ಲೇ ಗೊತ್ತು ಮಾಡಿಸಿದೆ. ಎಲ್ಲಿದ್ದರೂ ಮಧ್ಯಾಹ್ನ 12ಕ್ಕೆ ಇಳಿಯಲು ಶುರು. ಯಾರೂ ಒಬ್ಬರೇ ಇಳಿಯುವಂತಿಲ್ಲ.

ಡಿಸೆಂಬರ್‌ನಲ್ಲಿ ಅವರು ಭಟ್ಟರ ಮನೆ ದಾಟಿ ಕಲ್ಲುಮಂಟಪದವರೆಗೆ ಹೋದರು. ತುದಿಗೆ ಮೊದಲು ಸಿಗುವ ಶೇಷಪರ್ವತ ಇನ್ನೂ ಮೇಲಿತ್ತು. 12 ಆಗಲು ಹತ್ತು ನಿಮಿಷವಿತ್ತು. ಮಗಳಿಗೆ ಇನ್ನೂ ಹತ್ತುವ ಆಸೆ. “ನನಗೆ ಸಾಕು, ಇಳಿಯೋಣ” ಅಂದದ್ದು ಅಮ್ಮನೇ. ಇಬ್ಬರೂ ಇಳಿದರು.

ಜನವರಿಯಲ್ಲಿ ಬಂದು ಇದನ್ನೆಲ್ಲ ಹೇಳಿದರು. ಬೆಟ್ಟದ ಮಾತಿಗಿಂತ ಇನ್ನೊಂದನ್ನು ಹೇಳುವಾಗ ಮುಖ ಅರಳಿತ್ತು. ವಾಪಸ್ ಬರುವಾಗ ಮಡಿಕೇರಿ ದಾಟಿದ ಮೇಲೆ ವ್ಯಾನಿನ ಡ್ರೈವರ್‌ಗೆ ಹೇಳಿದರಂತೆ: “ಒಂದೈದು ನಿಮಿಷ ನಿಲ್ಸಪ್ಪ.”