ವಾರಕ್ಕೆ ಎರಡು ಸಲ ಎಣ್ಣೆ ಹೊಡೆದರೂ ಮೆಣಸಿನಗಿಡದ ಮುಟುರು ಯಾಕೆ ಹೋಗುತ್ತಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಶಿಗ್ಗಾವಿ ಹತ್ತಿರ ಎರಡು ಎಕರೆ ಬ್ಯಾಡಗಿ ಮೆಣಸಿನಕಾಯಿ. ಎಲೆ ಮುಟುರಾಗಿದೆ, ಅಂದರೆ ಮುದುಡಿಕೊಂಡಿದೆ, ಹೂ ಉದುರುತ್ತಿದೆ. ವಾರಕ್ಕೆ ಎರಡು ಸಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೂ ಹತೋಟಿಗೆ ಬರುತ್ತಿಲ್ಲ. ಇಲ್ಲಿಯ ತನಕ ಹೊಡೆದ ಎಣ್ಣೆಗಳ ಪಟ್ಟಿಯನ್ನೂ ಬರೆದಿದ್ದೀರಿ. ಹೊಡೆಯುವ ಆಳಿಗೆ ತಲೆಸುತ್ತು ಬರುತ್ತಿದೆ. ಇನ್ನೂ ಜೋರಾದ ಎಣ್ಣೆ ಯಾವುದಿದೆ ಅಂತ ಕೇಳಿದ್ದೀರಿ.

ಜೋರಾದ ಎಣ್ಣೆ ಬೇಡ. ಇರುವುದನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ಪೂರ್ತಿ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಗಿಡವನ್ನು ತಿನ್ನುತ್ತಿರುವುದು ಯಾವುದು ಅಂತ ಗೊತ್ತಾಗುವ ತನಕ ಮಾತ್ರ. ಆಳಿಗಂತೂ ತಲೆಸುತ್ತು ಪೂರ್ತಿ ಹೋಗುವ ತನಕ ಪಂಪು ಮುಟ್ಟಿಸಬೇಡಿ, ಡಾಕ್ಟರಿಗೆ ತೋರಿಸಿ.

ಬ್ಯಾಡಗಿ ತಾಲ್ಲೂಕಿನಲ್ಲಿ ನಮಗೂ ಹೊಲ ಇದೆ. ಅದಕ್ಕೂ ಮೊದಲು ಕೆಲವು ವರ್ಷ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ಹಾಗಾಗಿ ಕೌಂಟರಿನ ಎರಡೂ ಕಡೆಯ ಮಾತು ಗೊತ್ತು. ರೈತ ಬರುತ್ತಾನೆ, ‘ಗಿಡ ಮುಟುರಾಗ್ಯಾವ್ರಿ, ಚಲೋ ಎಣ್ಣಿ ಕೊಡ್ರಿ’ ಅನ್ನುತ್ತಾನೆ. ಅಂಗಡಿಯವನು ಆ ಹೊಲ ನೋಡಿರುವುದಿಲ್ಲ. ರಸ ಹೀರುವ ಸಣ್ಣ ಹುಳ ಥ್ರಿಪ್ಸಿಗೆ ಒಂದು, ಅದಕ್ಕಿಂತ ಸಣ್ಣ ನುಸಿಗೆ ಒಂದು, ರೋಗಕ್ಕೆ ಒಂದು, ಮೇಲೊಂದು ಟಾನಿಕ್ ಸೇರಿಸಿ ಚೀಲಕ್ಕೆ ಹಾಕುತ್ತಾನೆ. ಯಾವುದಾದರೂ ಒಂದು ತಾಗಿಯೇ ತಾಗುತ್ತದೆ ಅನ್ನುವ ಲೆಕ್ಕ. ಉದ್ರಿ ಬೇರೆ ಇದ್ದರೆ ರೈತ ಬೇಡ ಅನ್ನುವ ಹಾಗೂ ಇಲ್ಲ. ಎಲ್ಲರೂ ಮೋಸಗಾರರು ಅಂತಲ್ಲ. ಎಲೆ ಕೂಡ ತರದೆ ಬಂದವರಿಗೆ ಅವರೂ ಅಂದಾಜಿನ ಮೇಲೆಯೇ ಕೊಡಬೇಕಾಗುತ್ತದೆ.

ನಾಳೆ ಬೆಳಗ್ಗೆ ಹೊಲಕ್ಕೆ ಹೋಗಿ. ಬದುವಿನ ಪಕ್ಕದ ಗಿಡ ಮಾತ್ರ ನೋಡಿ ಬರಬೇಡಿ, ಒಳಗೂ ಐದಾರು ಕಡೆ ನಿಲ್ಲಿ. ಒಂದು ಬಿಳಿ ಹಾಳೆ ಮತ್ತು ಭೂತಗನ್ನಡಿ ಇರಲಿ. ತುದಿಯ ಚಿಗುರೆಲೆ ನೋಡಿ. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯ ಹಾಗೆ ಆಗಿದ್ದರೆ ಅದು ಹೆಚ್ಚಾಗಿ ಥ್ರಿಪ್ಸ್. ಅಂಚು ಕೆಳಕ್ಕೆ ಮಡಚಿ, ಎಲೆ ಸಣ್ಣದಾಗಿ, ತೊಟ್ಟು ಉದ್ದವಾಗಿದ್ದರೆ ನುಸಿ. ಈ ವ್ಯತ್ಯಾಸ ಸಣ್ಣದಲ್ಲ. ಥ್ರಿಪ್ಸ್ ಆರು ಕಾಲಿನ ಕೀಟ. ನುಸಿ ಎಂಟು ಕಾಲಿನದು, ಜೇಡರ ಹುಳದ ಕುಲದ್ದು. ಕೀಟಕ್ಕೆ ಅಂತ ಮಾಡಿದ ಎಷ್ಟೋ ಎಣ್ಣೆಗಳು ನುಸಿಗೆ ನಾಟುವುದೇ ಇಲ್ಲ. ನೀವು ಬರೆದ ಪಟ್ಟಿಯಲ್ಲಿ ಸೈಪರ್‌ಮೆಥ್ರಿನ್ ಎರಡು ಸಲ ಇದೆ. ಅಂಥ ಪೈರೆಥ್ರಾಯ್ಡ್ ಗುಂಪಿನ ಎಣ್ಣೆ ಪದೇ ಪದೇ ಬಿದ್ದರೆ ನುಸಿಯನ್ನು ತಿಂದು ಬದುಕುವ ಒಳ್ಳೆಯ ಹುಳಗಳು ಮೊದಲು ಸಾಯುತ್ತವೆ. ನುಸಿ ಉಳಿಯುತ್ತದೆ, ಹೆಚ್ಚುತ್ತದೆ. ಹೊಡೆದಷ್ಟೂ ಮುಟುರು ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹೂ ಉದುರುತ್ತಿದೆ ಅಂದಿರಲ್ಲ, ಕೆಲವು ಹೂವನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಸಣ್ಣ ಕಪ್ಪು ಹುಳಗಳು ಬಿದ್ದು ಓಡಾಡಿದರೆ ಅದು ಕಪ್ಪು ಥ್ರಿಪ್ಸ್. ಇದು ನಮ್ಮ ಹಳೆಯ ಥ್ರಿಪ್ಸ್ ಅಲ್ಲ. ಆಗ್ನೇಯ ಏಷ್ಯಾದ ಕಡೆಯದು. 2021ರ ಕೊನೆಯ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳಲ್ಲಿ ದೊಡ್ಡ ಹಾವಳಿ ಮಾಡಿತು. ಎಲೆಗಿಂತ ಹೂವಿನೊಳಗೆ ಸೇರಿಕೊಳ್ಳುವುದು ಅದರ ಗುಣ. ಎಲೆಯ ಮೇಲೆ ಎಷ್ಟು ಹೊಡೆದರೂ ಒಳಗೆ ಕೂತದ್ದಕ್ಕೆ ಸರಿಯಾಗಿ ತಾಗುವುದಿಲ್ಲ.

ಇನ್ನೊಂದು ಸಾಧ್ಯತೆ ವೈರಸ್. ಎಲೆ ಚಿಕ್ಕದಾಗಿ, ಹಳದಿಯಾಗಿ, ಗಿಡ ಗಿಡ್ಡಾಗಿ ನಿಂತಿದ್ದರೆ ಬಿಳಿನೊಣ ತಂದ ಎಲೆ ಮುಟುರು ರೋಗ ಇರಬಹುದು. ಅದು ಬಂದ ಗಿಡವನ್ನು ಯಾವ ಎಣ್ಣೆಯೂ ಸರಿ ಮಾಡುವುದಿಲ್ಲ. ಒಂದೆರಡು ಗಿಡಕ್ಕೆ ಬಂದಾಗಲೇ ಕಿತ್ತು ಹೊಲದಿಂದ ಆಚೆ ಹಾಕಿ ಸುಡಬೇಕು. ಬೆಳೆದ ಗಿಡ ಕೀಳಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದು ನಿಂತಿರುವಷ್ಟು ದಿನ ಪಕ್ಕದ ಗಿಡಕ್ಕೂ ರೋಗ ದಾಟುತ್ತದೆ.

ಥ್ರಿಪ್ಸ್ ಅಂತಲೇ ಗೊತ್ತಾಯಿತು ಅಂದುಕೊಳ್ಳಿ. ಆಗಲೂ ಒಂದು ಹುಳ ಕಂಡ ಕೂಡಲೇ ಪಂಪು ಎತ್ತಬೇಡಿ. ಸಾಮಾನ್ಯವಾಗಿ ಎಲೆಗೆ ಸರಾಸರಿ ಎರಡು ಥ್ರಿಪ್ಸ್ ದಾಟಿದರೆ ಹೊಡೆಯಿರಿ ಅನ್ನುತ್ತಾರೆ. ಅದಕ್ಕಿಂತ ಕಡಿಮೆ ಇದ್ದಾಗ ಎಣ್ಣೆಯ ಖರ್ಚು ಹುಳ ಮಾಡುವ ನಷ್ಟಕ್ಕಿಂತ ಹೆಚ್ಚಾಗುತ್ತದೆ. ಗುಲಗಂಜಿ ಹುಳ, ಜೇಡ ಇವೆಲ್ಲ ಹೊಲದಲ್ಲಿ ಕಾಣುತ್ತಿವೆಯಾ ಅಂತಲೂ ನೋಡಿ. ಅವು ಈ ಹುಳಗಳನ್ನು ತಿನ್ನುವ, ಸಂಬಳ ಕೇಳದ ಆಳುಗಳು.

ವಾರಕ್ಕೆ ಎರಡು ಸಲ ಹೊಡೆದರೂ ಹುಳ ಹೇಗೆ ಉಳಿಯುತ್ತದೆ? ಥ್ರಿಪ್ಸ್ ಮೊಟ್ಟೆಯನ್ನು ಎಲೆಯ ಮೇಲಿಡುವುದಿಲ್ಲ, ಎಲೆಯ ಒಳಗೆ ಚುಚ್ಚಿ ಇಡುತ್ತದೆ. ಮರಿ ಬೆಳೆದ ಮೇಲೆ ಹೆಚ್ಚಿನವು ಮಣ್ಣಿಗೆ ಅಥವಾ ಉದುರಿದ ತರಗಿಗೆ ಇಳಿದು ಕೋಶ ಆಗುತ್ತವೆ. ಅಂದರೆ ನೀವು ಹೊಡೆಯುವ ಹೊತ್ತಿಗೆ ಒಂದಿಷ್ಟು ಎಲೆಯ ಒಳಗೆ, ಒಂದಿಷ್ಟು ನೆಲದಲ್ಲಿ ಇರುತ್ತವೆ. ಸಾಯುವುದು ಮೇಲೆ ಓಡಾಡುವವು ಮಾತ್ರ. ಅದರಲ್ಲೂ ಆ ಎಣ್ಣೆಯನ್ನು ತಡೆದುಕೊಳ್ಳುವ ಕೆಲವು ಉಳಿದು ಮರಿ ಹಾಕುತ್ತವೆ. ಅದೇ ಎಣ್ಣೆ ಮತ್ತೆ ಮತ್ತೆ ಬಿದ್ದರೆ ಕೊನೆಗೆ ಹೊಲದಲ್ಲಿ ಇರುವುದೆಲ್ಲ ತಡೆದುಕೊಳ್ಳುವ ಸಂತಾನವೇ.

‘ಎಣ್ಣೆ ಬದಲಾಯಿಸುತ್ತಲೇ ಇದ್ದೇನಲ್ಲ’ ಅನ್ನುತ್ತೀರಿ. ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಮ್ಮೆ ಇಮಿಡಾಕ್ಲೋಪ್ರಿಡ್, ಮುಂದಿನ ಸಲ ಥಯಾಮೆಥಾಕ್ಸಾಮ್, ಆಮೇಲೆ ಅಸಿಟಾಮಿಪ್ರಿಡ್. ಕಂಪನಿ ಬೇರೆ, ಬಾಟ್ಲಿ ಬೇರೆ, ಬೆಲೆಯೂ ಬೇರೆ. ಆದರೆ ಮೂರೂ ಒಂದೇ ಗುಂಪಿನವು, ಹುಳದ ಮೇಲೆ ಕೆಲಸ ಮಾಡುವ ರೀತಿ ಒಂದೇ. ದೊಡ್ಡ ಅಕ್ಷರದ ಹೆಸರು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಟೆಕ್ನಿಕಲ್ ಹೆಸರು, ಅಂದರೆ ಒಳಗಿನ ಔಷಧದ ಹೆಸರು, ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಬೇರೆ ಗುಂಪಿನದು ಕೊಡಿ ಅಂತ ಬಾಯಿಬಿಟ್ಟು ಕೇಳಿ. ‘ಬಯೋ’ ಅಂತ ಬರುವ ಬಾಟ್ಲಿಗಳ ಬಗ್ಗೆಯೂ ಹುಷಾರು. ಲೇಬಲ್ಲಿನ ಮೇಲೆ ನೋಂದಣಿ ಸಂಖ್ಯೆ ಮತ್ತು ಒಳಗೇನಿದೆ ಅನ್ನುವುದು ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ, ಯಾರೇ ಹೇಳಲಿ.

ಎಣ್ಣೆ ಬಿಟ್ಟು ಮಾಡುವ ಕೆಲಸಗಳೂ ಇವೆ. ಯೂರಿಯಾ ಕೈ ಬಿಗಿ ಹಿಡಿಯಿರಿ. ಗಿಡ ಕಪ್ಪಗೆ ಕಾಣಲಿ ಅಂತ ಸುರಿದರೆ ಚಿಗುರು ಮೆತ್ತಗಾಗಿ ರಸ ಹೀರುವ ಹುಳಕ್ಕೆ ಹಬ್ಬ. ಕಳೆ ತೆಗೆಯಿರಿ, ಹುಳ ಅಲ್ಲಿಯೂ ಇರುತ್ತದೆ. ನೀಲಿ ಅಂಟು ಹಾಳೆ ಕಟ್ಟಿದರೆ ಥ್ರಿಪ್ಸ್, ಹಳದಿ ಕಟ್ಟಿದರೆ ಬಿಳಿನೊಣ ಎಷ್ಟು ಬರುತ್ತಿದೆ ಅಂತ ಗೊತ್ತಾಗುತ್ತದೆ. ನುಸಿಗೆ ರೆಕ್ಕೆ ಇಲ್ಲ, ಅದನ್ನು ಹಾಳೆಯ ಮೇಲೆ ಹುಡುಕಬೇಡಿ. ಮುಂದಿನ ವರ್ಷ ಅಗಿ (ಸಸಿ) ಮಡಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹಾಕಿ. ಹೊಲದ ಸುತ್ತ ಗೋವಿನಜೋಳದ ಎರಡು ಮೂರು ಸಾಲು ಮೊದಲೇ ಬಿತ್ತಿ, ಗಾಳಿಯಲ್ಲಿ ಬರುವ ಹುಳಕ್ಕೆ ಸ್ವಲ್ಪ ತಡೆಯಾಗುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಬೇವಿನ ಬೀಜದ ಕಷಾಯದ ಮೇಲೆ. ಕಾರಹುಣ್ಣಿಮೆ ಆಸುಪಾಸಿನಲ್ಲಿ ಬೇವಿನ ಹಣ್ಣು ಉದುರುತ್ತವಲ್ಲ, ಆಗಲೇ ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿ ಇಡಬೇಕು. ಐದು ಕಿಲೋ ಬೀಜದ ತಿರುಳನ್ನು ಕುಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಬಟ್ಟೆಯಲ್ಲಿ ಹಿಂಡಿ ಸೋಸಿ ನೂರು ಲೀಟರ್ ಮಾಡಿ, ಸ್ವಲ್ಪ ಸೋಪಿನ ಪುಡಿ ಕಲಸಿ, ಅದೇ ದಿನ ಬಿಸಿಲು ಇಳಿದ ಮೇಲೆ ಹೊಡೆಯಿರಿ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಹುಳ ಇನ್ನೂ ಕಡಿಮೆ ಇರುವಾಗ ಇದು ಕೆಲಸ ಮಾಡುತ್ತದೆ. ಹೊಲ ಪೂರ್ತಿ ಮುಟುರಾದ ಮೇಲೆ ಹೊಡೆದು ಬೇವು ಸುಳ್ಳು ಅನ್ನುವವರೇ ಜಾಸ್ತಿ. ನುಸಿ ಮಾತ್ರ ಇದ್ದರೆ ನೀರಿನಲ್ಲಿ ಕಲಸುವ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ, ಅಗ್ಗದ ಮತ್ತು ಹಳೆಯ ಉಪಾಯ. ಸುಡು ಬಿಸಿಲಲ್ಲಿ ಹೊಡೆಯಬೇಡಿ. ಬೇವಿನ ಎಣ್ಣೆಯ ಜೊತೆಗೂ ಬೇಡ, ಅದರ ಬೆನ್ನಿಗೂ ಬೇಡ. ಎಲೆ ಸುಡುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಡೆಯಲೇಬೇಕಾದರೆ ಒಂದು ಸಲ ಸರಿಯಾಗಿ ಹೊಡೆಯಿರಿ. ಬೆಳೆದ ಮೆಣಸಿನ ಬೆಳೆಗೆ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಹದಿನಾರು ಲೀಟರಿನ ಪಂಪಾದರೆ ಹನ್ನೆರಡು ಪಂಪು. ನಮ್ಮ ಕಡೆ ಆರೇಳರಲ್ಲಿ ಮುಗಿಸಿ, ನೀರು ಕಡಿಮೆ ಆಯಿತು ಅಂತ ಎಣ್ಣೆ ದುಪ್ಪಟ್ಟು ಹಾಕುತ್ತಾರೆ. ಹುಳ ಇರುವುದು ಎಲೆಯ ಕೆಳಗೆ, ಎಣ್ಣೆ ಬೀಳುವುದು ಎಲೆಯ ಮೇಲೆ! ನಾಜಲ್ ಸವೆದಿದ್ದರೆ ಬದಲಾಯಿಸಿ, ಹನಿ ಸಣ್ಣಗೆ ಬರಬೇಕು. ಮುಚ್ಚಳದಲ್ಲಿ ಅಳೆಯಬೇಡಿ, ಅಳತೆ ಗ್ಲಾಸು ಇಟ್ಟುಕೊಳ್ಳಿ. ನಾಲ್ಕು ಬಾಟ್ಲಿ ಒಂದೇ ಕೊಡದಲ್ಲಿ ಕಲಸುವುದನ್ನು ನಿಲ್ಲಿಸಿ.

ಈಗ ಆಳಿನ ತಲೆಸುತ್ತಿನ ವಿಷಯ. ಹೊಸಬರಿಗೆ ಹಾಗೇ ಆಗುತ್ತದೆ ಅಂತ ಬಿಟ್ಟುಬಿಡುತ್ತಾರೆ, ಅದು ತಪ್ಪು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆದು ಸುಮಾರು ಇಪ್ಪತ್ತು ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಹತ್ತಿಯಲ್ಲಿ ಹೊಡೆದ ಎಣ್ಣೆ ಮೈ ಮೇಲೆಯೇ ಬೀಳುತ್ತಿತ್ತು. ಮುಖಕ್ಕೆ ಟವೆಲ್ ಕಟ್ಟಿದರೆ ಸಾಕು ಅಂತ ನಮ್ಮಲ್ಲಿ ತಿಳಿದಿದ್ದಾರೆ. ವಿಷ ಹೆಚ್ಚಾಗಿ ಹೋಗುವುದು ಚರ್ಮದಿಂದ. ಅದರಲ್ಲೂ ಬಾಟ್ಲಿ ಬಿಚ್ಚಿ ಬರಿಗೈಯಲ್ಲಿ ಕಲಸುವಾಗ ಅಪಾಯ ಎಲ್ಲಕ್ಕಿಂತ ಜಾಸ್ತಿ, ಯಾಕೆಂದರೆ ಆಗ ಅದಕ್ಕೆ ನೀರು ಸೇರಿರುವುದಿಲ್ಲ. ರಬ್ಬರ್ ಕೈಗವಸು, ಕನ್ನಡಕ, ಒಳ್ಳೆಯ ಮಾಸ್ಕ್, ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು ಕೊಡಿಸಿ. ಎಲ್ಲಾ ಸೇರಿದರೂ ನೀವು ಈ ಹಂಗಾಮಿನಲ್ಲಿ ಎಣ್ಣೆಗೆ ಕೊಟ್ಟ ದುಡ್ಡಿನ ಮುಂದೆ ಏನೂ ಅಲ್ಲ. ಪಂಪು ಸೋರುತ್ತಿದ್ದರೆ ಅವತ್ತು ಕೆಲಸ ಬೇಡ. ಗಾಳಿಗೆ ಎದುರಾಗಿ ಹೊಡೆಯಬಾರದು. ನಾಜಲ್ ಕಟ್ಟಿದರೆ ಬಾಯಲ್ಲಿ ಊದಬಾರದು. ನಡುವೆ ಗುಟ್ಕಾ, ಎಲೆ ಅಡಿಕೆ, ಬೀಡಿ ಯಾವುದೂ ಬೇಡ. ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ, ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಒಗೆಯಬಾರದು.

ಬಾಟ್ಲಿಯ ಮೇಲಿನ ಚೌಕದ ಬಣ್ಣ ಓದು ಬಾರದವರಿಗೂ ಗೊತ್ತಾಗಲಿ ಅಂತ ಇರುವುದು. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರಿನಲ್ಲೂ ವಿಷ ಇದ್ದೇ ಇದೆ. ಉಳಿದ ಎಣ್ಣೆಯನ್ನು ಅಡುಗೆಮನೆಯ ಅಟ್ಟದ ಮೇಲೆ ಇಡಬೇಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ. ಮಕ್ಕಳ ಕೈಗೂ ಸಿಗಬಾರದು, ಸಿಟ್ಟಿನ ಗಳಿಗೆಯಲ್ಲಿ ದೊಡ್ಡವರ ಕೈಗೂ ಸಿಗಬಾರದು. ಬೇಕಾದಷ್ಟೇ ತರುವುದು ಇನ್ನೂ ಒಳ್ಳೆಯದು. ಖಾಲಿ ಬಾಟ್ಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ, ಬಾಟ್ಲಿಗೆ ತೂತು ಹೊಡೆಯಿರಿ. ಹಳ್ಳದ ದಂಡೆಯಲ್ಲಿ ಬಿಸಾಡಬೇಡಿ.

ಮತ್ತೆ ಯಾರಿಗಾದರೂ ಬಾಯಲ್ಲಿ ಜೊಲ್ಲು, ಅತಿ ಬೆವರು, ವಾಂತಿ, ಕಣ್ಣು ಮಂಜು, ಉಸಿರು ಕಷ್ಟ ಆದರೆ ಕೂಡಲೇ 108ಕ್ಕೆ ಕರೆ ಮಾಡಿ. ಒದ್ದೆ ಬಟ್ಟೆ ತೆಗೆದು ಸೋಪು ನೀರಲ್ಲಿ ಮೈ ತೊಳೆಯಿರಿ, ತೊಳೆಯುವವರೂ ಕೈಗವಸು ಹಾಕಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟ್ಲಿಯನ್ನೋ ಲೇಬಲ್ಲನ್ನೋ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ.

ಕೊನೆಯ ಸಲ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಬಿಡಿಸಬೇಕು ಅಂತ ಲೇಬಲ್ಲಿನಲ್ಲಿ ಇರುತ್ತದೆ. ಬ್ಯಾಡಗಿ ಕಾಯಿ ಹೋಗುವುದು ಬಣ್ಣಕ್ಕೆ, ಅದರಿಂದ ಬಣ್ಣದ ಎಣ್ಣೆ ತೆಗೆದು ಹೊರದೇಶಕ್ಕೂ ಕಳಿಸುತ್ತಾರೆ. ಅಲ್ಲಿ ಕೀಟನಾಶಕದ ಉಳಿಕೆ ಪರೀಕ್ಷೆ ಮಾಡುತ್ತಾರೆ. ಆ ದಿನಗಳನ್ನು ಪಾಲಿಸಿ.

ಗುರುತು ಹಿಡಿಯಲು ಆಗದಿದ್ದರೆ ಮುಟುರಾದ ಎರಡು ಮೂರು ಚಿಗುರು, ಒಂದಿಷ್ಟು ಹೂವು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹಾವೇರಿ ಹತ್ತಿರದ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೆ ಹೋಗಿ. ರಾಣೆಬೆನ್ನೂರು ಕಡೆ ಹೋಗುವುದಿದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ದುಡ್ಡು ಕಟ್ಟಾಗುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿಯೂ ಎಲೆಯ ಕೆಳಭಾಗದ ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಎಲೆ ಮೇಲಕ್ಕೆ ಮಡಚಿದೆಯೋ ಕೆಳಕ್ಕೆ ಮಡಚಿದೆಯೋ ಅನ್ನುವುದನ್ನೂ ಬರೆಯಿರಿ.