ಹಾಸ್ಪೀಸ್ ದೇಣಿಗೆ ಸಂಬಳಕ್ಕೆ ಹೋದರೆ ಮೋಸನಾ?

ಹಾಸ್ಪೀಸಿಗೆ, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಗಾಲದಲ್ಲಿ ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ, ಕೊಟ್ಟ ದುಡ್ಡಿನಲ್ಲಿ ಹೆಚ್ಚಿನ ಪಾಲು ಸಂಬಳಕ್ಕೇ ಹೋಗುತ್ತಿದೆ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಮೋಸ ಅನ್ನೋಕಾಗಲ್ಲ. ಹಾಸ್ಪೀಸಿನಲ್ಲಿ ಆಪರೇಷನ್ ಥಿಯೇಟರ್ ಇರುವುದಿಲ್ಲ, ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯೂ ಅಂಥ ದುಬಾರಿಯಲ್ಲ. ಅಲ್ಲಿ ಖರ್ಚು ಅಂದರೆ ಮನುಷ್ಯರೇ. ಏಳಲಾಗದ ರೋಗಿಯನ್ನು ರಾತ್ರಿ ಎರಡು ಗಂಟೆಗೂ ಮಗ್ಗುಲು ಬದಲಿಸಿ ಮಲಗಿಸಬೇಕು, ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡಬೇಕು, ಕಂಗಾಲಾದ ಮನೆಯವರ ಜೊತೆ ಕೂತು ಮಾತಾಡಬೇಕು, ಇದೆಲ್ಲ ಬರೀ ಸ್ವಯಂಸೇವಕರಿಂದ ಆಗುವ ಕೆಲಸವಲ್ಲ.

ಆದಾಯದ ಕಥೆ ಬೇರೆ. ಸರ್ಕಾರದ ನೆರವು ಸಾಮಾನ್ಯವಾಗಿ ಸಾಲುವುದಿಲ್ಲ. ಉಯಿಲಿನಲ್ಲಿ ಬರೆದಿಟ್ಟ ಹಣ ಯಾವಾಗ ಬರುತ್ತೋ ಗೊತ್ತಿಲ್ಲ. ಅದಕ್ಕೇ ಕೆಲವು ತಿಂಗಳ ಖರ್ಚನ್ನು ಮೀಸಲಿಟ್ಟಿದ್ದರೆ ಅನುಮಾನ ಪಡಬೇಡಿ, ವರ್ಷಗಟ್ಟಲೆ ಸುಮ್ನೆ ಕೂಡಿಟ್ಟಿದ್ದರೆ ಮಾತ್ರ ಕೇಳಿ.

ನೀವು ನೋಡಬೇಕಾದ್ದು ಆಡಿಟ್ ವರದಿ. ಸಂಬಳದಲ್ಲಿ ನರ್ಸ್, ಡಾಕ್ಟರ್‌ಗೆ ಎಷ್ಟು, ಆಫೀಸಿಗೆ ಎಷ್ಟು, ದೇಣಿಗೆ ಎತ್ತುವುದಕ್ಕೇ ಎಷ್ಟು ಹೋಗಿದೆ ಅಂತ ಬಿಡಿಸಿ ಕೇಳಿ. ಉತ್ತರ ಕೊಡಲು ಸತಾಯಿಸಿದರೆ ಬೇರೆ ಸಂಸ್ಥೆ ನೋಡಿ. ಇನ್ನೊಂದು, 'ಮಂಚಕ್ಕೆ ಮಾತ್ರ' ಅಂತ ಷರತ್ತು ಹಾಕಿ ಕೊಡಬೇಡಿ. ಹೆಸರು ಬರೆಸಿ ಮಂಚ ಕೊಡುವವರು ಜಾಸ್ತಿ, ಕರೆಂಟ್ ಬಿಲ್ಲಿಗೆ ಕೊಡುವವರು ಸಿಗಲ್ಲ.