ಎಐ ಸ್ಲೈಡ್ ನೋಡುವ ಮೊದಲೇ ತುಣುಕು ಕೆಟ್ಟಿದ್ದರೆ?

ಪ್ರಶ್ನೆ: ನಮ್ಮ ಅವ್ವಗ ಎದಿಯಾಗ ಗಂಟಾಗೇತ್ರಿ. ಮುಂದಿನ ವಾರ ಸೂಜಿ ಹಾಕಿ ಬಯಾಪ್ಸಿ ಮಾಡ್ತಾರಂತ. ತುಣುಕು ಬೆಳಗಾವಿಗೆ ಹೋಗಿ ಅಲ್ಲಿ ಎಐ ಸ್ಲೈಡ್ ನೋಡ್ತೈತಿ ಅಂದ್ರು. ಅದನ್ನ ನಂಬಬಹುದೇನ್ರಿ?
– ಓದುಗರು, ಜಮಖಂಡಿ

ಉತ್ತರ: ವರದಿಗೆ ಸಹಿ ಹಾಕುವ ಪೆಥಾಲಜಿಸ್ಟ್ (ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವೈದ್ಯರು) ಅದೇ ಸ್ಲೈಡನ್ನು ತಾವೂ ನೋಡಿದ್ದರೆ ನಂಬಿ. ಎಐ ಒಂದನ್ನೇ ನಂಬಬೇಡಿ.

ತುಣುಕನ್ನು ಹುದುಗಿಸಿದ ಮೇಣದ ಬ್ಲಾಕ್‌ನಿಂದ 3–4 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತೆಳುವಾಗಿ ಕೊಯ್ದ ಪದರಕ್ಕೆ ಬಣ್ಣ ಹಾಕಿ ಸ್ಕ್ಯಾನ್ ಮಾಡುತ್ತಾರೆ. ಎಐ ನೋಡುವುದು ಆ ಚಿತ್ರವನ್ನು. 40 ಪಟ್ಟಿನ ಸ್ಕ್ಯಾನ್‌ನಲ್ಲಿ ಒಂದು ಚುಕ್ಕೆ ಸುಮಾರು 0.25 ಮೈಕ್ರಾನ್. ಹಾಗಾಗಿ 15 ಮಿ.ಮೀ. ಚೌಕದ ಜಾಗದಲ್ಲೇ 360 ಕೋಟಿ ಚುಕ್ಕೆಗಳು. ಇದನ್ನು ಸಣ್ಣ ಸಣ್ಣ ಚೌಕ ಮಾಡಿಕೊಂಡು ಸಾಫ್ಟ್‌ವೇರ್ ಒಂದೊಂದಕ್ಕೂ ಅಂಕ ಹಾಕುತ್ತದೆ. ದಣಿಯದೆ ಎಣಿಸುವುದರಲ್ಲಿ, ಅನುಮಾನದ ಮೂಲೆ ತೋರಿಸುವುದರಲ್ಲಿ ಅದು ನಿಜಕ್ಕೂ ಗಟ್ಟಿ.

ಆದರೆ ಪದರ ಮಡಚಿಕೊಂಡಲ್ಲಿ ಕೋಶಕೇಂದ್ರಗಳು ಒಂದರ ಮೇಲೊಂದು ಬಿದ್ದು, ಗಡ್ಡೆಯಂತೆ ಕಪ್ಪಾಗಿ ಕಾಣುತ್ತವೆ. ಪೆನ್ ಗುರುತು, ಗಾಳಿಗುಳ್ಳೆಗಳೂ ದಾರಿ ತಪ್ಪಿಸುತ್ತವೆ. ಬೇರೆ ಲ್ಯಾಬಿನ ಬಣ್ಣ ನೋಡಿ ಕಲಿತ ಎಐ ಈ ಲ್ಯಾಬಿನ ಕಡುಗುಲಾಬಿಗೆ ತಬ್ಬಿಬ್ಬಾಗಬಹುದು. ಯಾವ ಅಂಗಕ್ಕೆ ಮಾಡಿದ್ದು ಎನ್ನುವುದೂ ಮುಖ್ಯ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ 'ಪೇಜ್ ಪ್ರಾಸ್ಟೇಟ್' ಎಂಬ ಎಐ ಹೆಸರೇ ಹೇಳುವಂತೆ ಪ್ರಾಸ್ಟೇಟ್ ಬಯಾಪ್ಸಿಗೆ, ಅದೂ ಪೆಥಾಲಜಿಸ್ಟ್‌ಗೆ ನೆರವಾಗಿ. ನಿಮ್ಮ ಲ್ಯಾಬಿನದು ಸ್ತನಕ್ಕೆಂದೇ ಮಾಡಿದ್ದೇ, ಅಲ್ಲಿಯದೇ ಸ್ಲೈಡ್‌ಗಳ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ.

ಇದಕ್ಕಿಂತ ದೊಡ್ಡ ವಿಷಯ ಫಾರ್ಮಲಿನ್, ಅಂದರೆ ತುಣುಕು ಕೆಡದಂತೆ ಕಾಯುವ ದ್ರವ. ಸೂಜಿಯಿಂದ ಬಂದ ತುಣುಕು ತಕ್ಷಣ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರವ ತುಣುಕಿನ 10 ಪಟ್ಟಾದರೂ ಇರಲಿ. ಸಲೈನ್‌ನಲ್ಲಿ ಕಳಿಸಿದರೆ ನಮ್ಮ ಬಿಸಿಲಿಗೆ ಕೋಶಗಳು ದಾರಿಯಲ್ಲೇ ಕೆಡತೊಡಗುತ್ತವೆ. ಕೋಶಕೇಂದ್ರ ಮಸುಕಾದ ಮೇಲೆ ಎಐ ಮಾಡುವುದೇನೂ ಉಳಿಯುವುದಿಲ್ಲ. ಗಂಟು ಕ್ಯಾನ್ಸರ್ ಆಗಿದ್ದರೆ ಮಾಡುವ ಇಆರ್, ಪಿಆರ್ (ಕೋಶದಲ್ಲಿ ಹಾರ್ಮೋನ್ ಹಿಡಿಯುವ ಪ್ರೋಟೀನ್‌ಗಳು), ಹರ್-2 (ಕೋಶದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನ್) ಪರೀಕ್ಷೆಗೆ ತುಣುಕು ಫಾರ್ಮಲಿನ್‌ನಲ್ಲಿ 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ನೆನೆಯಬೇಕು. ಲೆಕ್ಕ ತಪ್ಪಿ, ಇರುವ ಇಆರ್ 'ಇಲ್ಲ' ಎಂದು ಬಂದರೆ ಅವ್ವನಿಗೆ ಸಿಗಬೇಕಾದ ಹಾರ್ಮೋನ್ ಚಿಕಿತ್ಸೆಯೇ ಕೈತಪ್ಪುತ್ತದೆ. ಅದಕ್ಕೇ ಹಬ್ಬ, ಭಾನುವಾರದ ಹಿಂದಿನ ದಿನ ಬೇಡ. ಸೋಮವಾರ, ಮಂಗಳವಾರ ಮಾಡಿಸಿ. ತುಣುಕು ಫಾರ್ಮಲಿನ್‌ಗೆ ಬಿದ್ದ ದಿನ, ಗಂಟೆಯನ್ನು ಬಾಟಲಿಯ ಚೀಟಿಯ ಮೇಲೂ ಫಾರ್ಮಿನಲ್ಲೂ ಬರೆಸಿ.

ಎಐ ಒಂದು, ಪೆಥಾಲಜಿಸ್ಟ್ ಇನ್ನೊಂದು ಹೇಳಿದರೆ ಎರಡನೇ ಅಭಿಪ್ರಾಯಕ್ಕೆ ಸ್ಲೈಡ್ ಜೊತೆ ಬ್ಲಾಕ್ ಕೂಡ ಕೇಳಿ ಪಡೆಯಿರಿ. ಹೊಸ ಪದರ ಕೊಯ್ಯಲು ಅದೇ ಬೇಕು. ತರುವಾಗ ಬಸ್ಸಿನ ಬಾನೆಟ್ ಮೇಲೆ ಇಡಬೇಡಿ, ಬಿಸಿಗೆ ಮೇಣ ಮೆತ್ತಗಾಗುತ್ತದೆ.